ಗುಡಿ ಎಲ್ಲರಿಗೂ ಮುಕ್ತ ಅಂತ ಬೈಲಾದಲ್ಲಿ ಒಂದು ಸಾಲು ಹಾಕಿದರೆ ಸಾಕಾ?

ಅರಳೀಕಟ್ಟೆ (ಶ್ರೀನಿವಾಸಪುರ ಕಡೆ):
ಊರ ಗಂಗಮ್ಮನ ಗುಡಿ ಹೊಸದಾಗಿ ಕಟ್ಟಿದೆ, ಗೋಪುರದ ಗಾರೆ ಕೆಲಸ ಬಿಟ್ಟರೆ ಎಲ್ಲ ಮುಗಿದಿದೆ. ಸುಮಾರು 180 ಮನೆ, ಅದರಲ್ಲಿ ಎ.ಕೆ. ಕಾಲೋನಿಯದು (ದಲಿತರ ಕೇರಿ) 45. ಪ್ರತಿಷ್ಠೆಗೆ ಮೊದಲೇ ಕಮಿಟಿ ನೋಂದಾಯಿಸಿ ಬೈಲಾ ಮಾಡಿಸಬೇಕು ಅಂತ ತೀರ್ಮಾನವಾಗಿದೆ. "ಗುಡಿ ಎಲ್ಲ ಜಾತಿಯವರಿಗೂ ಮುಕ್ತ" ಅಂತ ಒಂದು ಸಾಲು ಹಾಕಿದರೆ ಸಾಕು ಅನ್ನೋರು ಅರ್ಧ ಜನ. ಕಾನೂನೇ ಇದೆಯಲ್ಲ, ಅದೂ ಯಾಕೆ ಅನ್ನೋರು ಇನ್ನರ್ಧ. ಬಲ್ಲವರು ಹೇಳಿ, ಏನು ಬರೆಸಬೇಕು, ಎಲ್ಲಿ ಕೆಡುತ್ತೆ?

ಕಡತದ ಗಂಟು:
ಬೈಲಾಕ್ಕೆ ಮುಂಚೆ ಪಹಣಿ ತೆಗೆಸಿ ಸಾರ್. ಕಾಲಂ 9ರಲ್ಲಿ ಯಾರ ಹೆಸರಿದೆ, ಕಾಲಂ 11ರಲ್ಲಿ ಏನು ಬರೆದಿದೆ ನೋಡಿ. ದೇವರ ಹೆಸರಿನಲ್ಲಿದೆಯೋ, ಸರ್ಕಾರಿ ಗೋಮಾಳವೋ, ಗ್ರಾಮಠಾಣವೋ, ಇಲ್ಲ ಯಾವುದೋ ಒಂದು ಮನೆತನದ ಖಾತೆಯೋ. ಮುಂದೆ "ಇದು ನಮ್ಮ ಮನೆ ದೇವರು, ಯಾರನ್ನ ಬಿಡಬೇಕು ಅನ್ನೋದು ನಮ್ಮಿಷ್ಟ" ಅನ್ನೋ ಮಾತು ಹುಟ್ಟೋದೇ ಈ ಕೊನೆಯ ಬಗೆಯ ಜಮೀನಿನಿಂದ. ಹಾಗಿದ್ದರೆ ಪ್ರತಿಷ್ಠೆಗೆ ಮೊದಲೇ ದಾನಪತ್ರ ಬರೆಸಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಕಳಶ ಇಟ್ಟ ಮೇಲೆ ಯಾರೂ ಬರೆದುಕೊಡಲ್ಲ.

ಎರಡನೇದು, ಹಳೇ ಗುಡಿ ಮುಜರಾಯಿ ಪಟ್ಟಿಯಲ್ಲಿತ್ತಾ? ರಾಜ್ಯದಲ್ಲಿ ಸುಮಾರು 34,000 ಗುಡಿ ಆ ಪಟ್ಟಿಯಲ್ಲಿವೆ, ಬಹುಪಾಲು ಸಣ್ಣ ಆದಾಯದ 'ಸಿ' ವರ್ಗದವು. ತಾಲ್ಲೂಕು ಕಚೇರಿಯ ಮುಜರಾಯಿ ಶಾಖೆಯಲ್ಲಿ ಕೇಳಿ, ತಸ್ತೀಕು (ಪೂಜೆಗೆ ಸರ್ಕಾರ ಕೊಡೋ ವಾರ್ಷಿಕ ಹಣ) ಬರುತ್ತಿತ್ತಾ ಅಂತಲೂ ನೋಡಿ. ಪಟ್ಟಿಯಲ್ಲಿದ್ದರೆ ನೀವು ಬೇರೆ ಸಂಘ ಮಾಡಿ ಆಡಳಿತ ತಗೊಳ್ಳೋ ಹಾಗಿಲ್ಲ. 1997ರ ಧಾರ್ಮಿಕ ದತ್ತಿ ಕಾಯ್ದೆ ಪ್ರಕಾರ 9 ಜನರ ವ್ಯವಸ್ಥಾಪನಾ ಸಮಿತಿ ಆಗಬೇಕು. ಅದರಲ್ಲಿ ಅರ್ಚಕರು ಒಬ್ಬರು, ಪರಿಶಿಷ್ಟ ಜಾತಿ ಅಥವಾ ಪಂಗಡದವರು ಕನಿಷ್ಠ ಒಬ್ಬರು, ಹೆಂಗಸರು ಇಬ್ಬರು ಇರಲೇಬೇಕು.

ಪಟ್ಟಿಯಲ್ಲಿ ಇಲ್ಲದಿದ್ದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿ, ಕನಿಷ್ಠ 7 ಜನ ಸಾಕು. ಟ್ರಸ್ಟ್ ಬೇಡ ಅನ್ನೋದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ ಐದು ಮನೆತನದವರು ಆಜೀವ ಟ್ರಸ್ಟಿ ಅಂತ ಕೂತುಬಿಡ್ತಾರೆ, ಆಮೇಲೆ ಕಾಲೋನಿಯವರಿಗೆ ಒಳಗೆ ಬರೋ ದಾರಿಯೇ ಇರಲ್ಲ.

ಕರಿಕೋಟು:
ಕಾನೂನೇ ಇದೆಯಲ್ಲ ಅನ್ನೋರಿಗೆ ಎರಡು ಮಾತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ತೆಗೆದುಹಾಕಿತು. 25(2)(ಬಿ) ಸಾರ್ವಜನಿಕ ಸ್ವರೂಪದ ಹಿಂದೂ ಗುಡಿಗಳನ್ನ ಹಿಂದೂಗಳ ಎಲ್ಲ ವರ್ಗಕ್ಕೂ ತೆರೆಯುವ ಅಧಿಕಾರ ಸರ್ಕಾರಕ್ಕೆ ಕೊಟ್ಟಿತು. 1955ರ ಕಾಯ್ದೆ, 1976ರಿಂದ ಅದರ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಅದರ 3ನೇ ಕಲಂ ಬರೀ ಪ್ರವೇಶದ ಮಾತಾಡಲ್ಲ. ಬೇರೆಯವರು ಹೇಗೆ, ಎಷ್ಟರ ಮಟ್ಟಿಗೆ ಪೂಜೆ ಮಾಡ್ತಾರೋ ಅದೇ ರೀತಿ, ಅದೇ ಮಟ್ಟಿಗೆ ಇವರಿಗೂ ಅನ್ನುತ್ತೆ. ಕಲ್ಯಾಣಿ, ಬಾವಿ, ನೀರಿನ ಒರತೆಯೂ ಅದರೊಳಗೇ ಬಂತು. ಬೈಲಾದಲ್ಲಿ ಇಳಿಸಬೇಕಾದ ಮಾತು ಇದು, "ಮುಕ್ತ" ಅಲ್ಲ.

ಖಾಸಗಿ ಗುಡಿ ಅನ್ನೋ ನೆಪವೂ ಓಡಲ್ಲ. ಖಾಸಗಿ ಜಾಗವಾದರೂ ಮಾಲೀಕ ಸಾರ್ವಜನಿಕ ಪೂಜೆಗೆ ಬಿಟ್ಟಿದ್ದರೆ ಅದೂ ಸಾರ್ವಜನಿಕ ಪೂಜಾಸ್ಥಳವೇ ಅಂತ ಆ ಕಾಯ್ದೆಯ ವ್ಯಾಖ್ಯಾನದಲ್ಲೇ ಇದೆ. "ಇದು ನಮ್ಮ ಪಂಗಡದ ಗುಡಿ" ಅನ್ನೋ ವಾದ ಮೂಲ್ಕಿ ವೆಂಕಟರಮಣ ದೇವರ ಪ್ರಕರಣದಲ್ಲಿ 1957ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಯಿತು. ಕೆಲವು ವಿಶೇಷ ಸೇವೆಗಳನ್ನ ಪಂಗಡದವರು ತಮಗೇ ಇಟ್ಟುಕೊಳ್ಳಬಹುದು, ಆದರೆ ಸಾರ್ವಜನಿಕರ ಪ್ರವೇಶದ ಹಕ್ಕು ಅದರಿಂದ ಬರೀ ಹೆಸರಿಗೆ ಉಳಿಯಬಾರದು.

ಬೈಲಾ ಬರೆಯೋರು:
ಕರಿಕೋಟಿನವರು ಹೇಳಿದ್ದಕ್ಕೆ ಸೇರಿಸ್ತೀನಿ. ಒಂದು ಸಾಲು ಯಾಕೆ ಸಾಲದು ಅಂದರೆ, ಯಾರೂ ಬಾಗಿಲಲ್ಲಿ ನಿಂತು "ನೀನು ಬರಬೇಡ" ಅನ್ನಲ್ಲ ಈಗ. ಬಾಗಿಲು ದಾಟಿದ ಮೇಲೆ ಏನಾಗುತ್ತೆ ಅನ್ನೋದರಲ್ಲಿ ಎಲ್ಲಾ ಇದೆ. ಒಬ್ಬರು ನವರಂಗದವರೆಗೆ, ಇನ್ನೊಬ್ಬರು ಗರುಡಗಂಬದವರೆಗೆ. ಒಬ್ಬರ ಕೈಗೆ ಉದ್ಧರಣೆಯಿಂದ ತೀರ್ಥ, ಇನ್ನೊಬ್ಬರಿಗೆ ಎತ್ತರದಿಂದ ಬಿಡೋದು. ಮಂಗಳಾರತಿ ತಟ್ಟೆ ಒಬ್ಬರ ಮುಂದೆ ನಿಲ್ಲುತ್ತೆ, ಇನ್ನೊಬ್ಬರ ಹತ್ತಿರ ಬರೋ ಹೊತ್ತಿಗೆ ಕರ್ಪೂರ ಆರಿರುತ್ತೆ.

ಹಾಗಾಗಿ ಒಂದೊಂದನ್ನೂ ಹೆಸರು ಹೇಳಿ ಬರೆಸಿ: "ಅರ್ಚಕರನ್ನು ಬಿಟ್ಟು ಯಾರಿಗೂ ಗರ್ಭಗುಡಿ ಪ್ರವೇಶವಿಲ್ಲ. ಉಳಿದ ಎಲ್ಲ ಭಾಗಗಳಲ್ಲಿ ಎಲ್ಲ ಭಕ್ತರು ಒಂದೇ ಸಾಲಿನಲ್ಲಿ, ಬಂದ ಕ್ರಮದಲ್ಲಿ ದರ್ಶನ ಪಡೆಯತಕ್ಕದ್ದು. ತೀರ್ಥ, ಪ್ರಸಾದ, ಮಂಗಳಾರತಿ ಒಂದೇ ಪಾತ್ರೆಯಿಂದ, ಒಂದೇ ರೀತಿಯಲ್ಲಿ ಕೊಡತಕ್ಕದ್ದು. ಹಬ್ಬದ ಚಂದಾ ಎಲ್ಲ ಮನೆಗಳಿಂದ ಒಂದೇ ದರದಲ್ಲಿ, ರಶೀದಿ ಕೊಟ್ಟು ಪಡೆಯತಕ್ಕದ್ದು. ಉತ್ಸವಮೂರ್ತಿ ಹೊರುವುದು, ದೀಪ ಹೊರುವುದು, ಅನ್ನದಾನದ ಅಡುಗೆ ಮತ್ತು ಬಡಿಸುವುದು ಯಾವ ಜಾತಿಯವರಿಗೂ ಮೀಸಲಲ್ಲ, ಯಾವ ಜಾತಿಯವರಿಗೂ ನಿಷಿದ್ಧವಲ್ಲ." ಇದನ್ನ ನಿಯಮಾವಳಿಯಲ್ಲಿ ಮಾತ್ರ ಅಲ್ಲ, ಜ್ಞಾಪನಾ ಪತ್ರದ ಉದ್ದೇಶಗಳಲ್ಲೂ ಹಾಕಿ. ಉದ್ದೇಶ ಬದಲಿಸೋದು ನಿಯಮ ಬದಲಿಸಿದಷ್ಟು ಸಲೀಸಲ್ಲ.

ಚಂದಾ ವಿಷಯಕ್ಕೆ ಬೇಕೆಂದೇ ಒತ್ತು ಕೊಟ್ಟಿದ್ದೀನಿ. "ಪಾಪ, ಕಾಲೋನಿಯವರ ಹತ್ತಿರ ಯಾಕೆ ದುಡ್ಡು, ಬಂದು ನೋಡ್ಕೊಂಡು ಹೋಗ್ಲಿ" ಅಂತ ಕರುಣೆ ತೋರಿಸ್ತಾರಲ್ಲ, ಅಲ್ಲೇ ಕೆಡೋದು. ಚಂದಾ ಕೊಡದವನಿಗೆ ಸಭೆಯಲ್ಲಿ ಬಾಯಿಲ್ಲ.

ತಮಟೆ ಸದ್ದು:
ಚಂದಾ ಮಾತು ನೂರಕ್ಕೆ ನೂರು ಸರಿ ಅಣ್ಣ. ಅದರ ಜೊತೆಗೆ ತಮಟೆನೂ ಬರೆಸಿ. ಗಂಗಮ್ಮ, ಮಾರಮ್ಮ, ಸಪ್ಪಲಮ್ಮನ ಹಬ್ಬದಾಗೆ ತಮಟೆ ಇಲ್ದೆ ದ್ಯಾವ್ರು ಏಳಲ್ಲ ಅಂತಾರೆ, ಬಡಿಯೋನು ಮಾತ್ರ ಗುಡಿ ಹೊರಗೆ. ಅದು ಹಬ್ಬದ ಚಾಕರಿ ಅಂತ ಬಿಟ್ಟಿಯಾಗಿ, ಇಲ್ಲ ಒಂದು ಮೊರ ರಾಗಿಗೆ ನಡೀತಾ ಬಂದೈತೆ. ಕೂಲಿ ಎಷ್ಟು, ಎಷ್ಟು ಹೊತ್ತು, ಎಷ್ಟು ಜನ ಅಂತ ಹಬ್ಬದ ಖರ್ಚಿನ ಪಟ್ಟಿಯಾಗೆ ಬರೀರಿ, ವಾಲಗದೋರಿಗೆ ಬರೆದಂಗೆ. ಊರೋರು ಸಿಗದಿದ್ರೆ ಹೊರಗಿನ ತಂಡ ಕರೆಸಬೌದು ಅಂತಲೂ ಬರೀರಿ. ಯಾಕಂದ್ರೆ ಗುಡಿ ಜಗಳ ಸುರುವಾಗೋದು ಎಷ್ಟೋ ಕಡೆ ಒಳಗೆ ಹೋಗಿದ್ದಕ್ಕಲ್ಲ, "ಈ ವರ್ಸ ನಾವು ಬಡಿಯಲ್ಲ" ಅಂದಿದ್ದಕ್ಕೆ. ಬಲವಂತದ ಬಿಟ್ಟಿ ಚಾಕರಿ 1989ರ ದೌರ್ಜನ್ಯ ತಡೆ ಕಾಯ್ದೆಯಾಗೆ ಅಪರಾಧ.

ಹಳೇ ಪಂಚಾಯ್ತಿ:
ಇಷ್ಟೆಲ್ಲ ಬರೆಸಿದರೆ ಬೈಲಾ ಓದುವಾಗಲೇ ಊರು ಎರಡಾಗುತ್ತೆ. ತಾನಾಗಿ ಬದಲಾಗ್ತಿರೋದನ್ನ ಕೆದಕಿ ಗಾಯ ಮಾಡೋದು ಯಾಕೆ? ಹುಡುಗರು ಒಟ್ಟಿಗೆ ಕ್ರಿಕೆಟ್ ಆಡ್ತಾರೆ, ಒಂದೇ ಟೊಮೆಟೊ ಲಾರಿಗೆ ಲೋಡ್ ಮಾಡ್ತಾರೆ.

ಅಡ್ಡೆಪಲ್ಲಕ್ಕಿ:
ಹಳೇ ಪಂಚಾಯ್ತಿಯವರೇ, ಕ್ರಿಕೆಟ್ ಆಡೋ ಹುಡುಗರೇ ಸಿಕ್ಕಿಬೀಳೋದು ಸ್ವಾಮಿ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಆಗಿದ್ದೇನು? ಮೆರವಣಿಗೆಯ ಹೊತ್ತಿನಲ್ಲಿ ದೇವರ ಗುಜ್ಜುಕೋಲು ಮುಟ್ಟಿದ ಅಂತ ದಲಿತ ಹುಡುಗನ ಮನೆಗೆ 60,000 ರೂಪಾಯಿ ದಂಡ. ಮೂರ್ತಿ ಅಲ್ಲ, ಆಸರೆಯ ಕೋಲು. 2021ರಲ್ಲಿ ಕೊಪ್ಪಳದ ಮಿಯಾಪುರದಲ್ಲಿ ಎರಡು ವರ್ಷದ ಮಗು ಗುಡಿಯೊಳಗೆ ಓಡಿದ್ದಕ್ಕೆ 25,000. ಮುಟ್ಟಬಾರದು ಅಂತ ಎಲ್ಲೂ ಬರೆದಿರಲ್ಲ, ಮುಟ್ಟಬಹುದು ಅಂತಲೂ ಬರೆದಿರಲ್ಲ. ದಂಡ ಹುಟ್ಟೋದು ಆ ಸಂದಿಯಲ್ಲೇ.

ಮೆರವಣಿಗೆ ಬಗ್ಗೆ ಸ್ವಲ್ಪ ವಿವರವಾಗೇ ಹೇಳ್ತೀನಿ, ಎಲ್ಲರೂ ಗುಡಿ ಬಾಗಿಲಿನ ಬಗ್ಗೆಯೇ ಮಾತಾಡಿ ಬೀದಿ ಮರೀತಾರೆ. ಅಲಂಕಾರ ಆದ ಪಲ್ಲಕ್ಕಿ ಸುಮಾರು 200 ಕೆ.ಜಿ. ಅಂತಿಟ್ಟುಕೊಳ್ಳಿ. ಎಂಟು ಜನ ಹೊತ್ತರೆ ತಲೆಗೆ 25 ಕೆ.ಜಿ. ಎತ್ತರದವನ ಹೆಗಲಿಗೇ ಹೆಚ್ಚು ಭಾರ ಬೀಳೋದು, ಕುಳ್ಳನ ಹೆಗಲ ಮೇಲೆ ಅಡ್ಡೆ (ಪಲ್ಲಕ್ಕಿ ಹೊರೋ ಕೋಲು) ಬರೀ ಕೂತಿರುತ್ತೆ. ಆದ್ದರಿಂದ ಹೊರೋರನ್ನ ಎತ್ತರ ನೋಡಿ ಜೋಡಿ ಮಾಡಿ: ಎಂಟೆಂಟು ಜನರ ಮೂರು ತಂಡ, ಪ್ರತಿ ತಂಡದಲ್ಲೂ ಎಲ್ಲ ಕೇರಿಯವರು, 15–20 ನಿಮಿಷಕ್ಕೆ ಬದಲಿ. ಎತ್ತರದ ಲೆಕ್ಕಕ್ಕೆ ಯಾರೂ ತಕರಾರು ತೆಗೆಯಲ್ಲ, ಜಾತಿ ಲೆಕ್ಕ ತಾನಾಗಿ ಮುರಿಯುತ್ತೆ. ಕೇರಿಗೊಂದು ತಂಡ ಮಾಡಬೇಡಿ. "ನಮ್ಮ ಬೀದಿಯಲ್ಲಿ ನಾವು ಹೊರ್ತೀವಿ, ನಿಮ್ಮ ಬೀದಿಯಲ್ಲಿ ನೀವು ಹೊರಿ" ಅನ್ನೋದು ನ್ಯಾಯದ ಥರ ಕಾಣುತ್ತೆ, ಅದು ಹಳೇ ಗೋಡೆಗೆ ಹೊಸ ಸುಣ್ಣ.

ಆಮೇಲೆ ದಾರಿ. ದೇವರು ಕಾಲೋನಿಗೆ ಹೋಗುತ್ತೆ ಅಂತ ಒಪ್ಪಿರ್ತಾರೆ, ಆದರೆ ಕೊನೆಗೆ ಇಟ್ಟಿರ್ತಾರೆ. ಊರೆಲ್ಲ ಸುತ್ತಿ ಅಲ್ಲಿಗೆ ಮುಟ್ಟೋದು ರಾತ್ರಿ ಎರಡಕ್ಕೆ. ಸಂಜೆಯಿಂದ ಕಾದ ತಂಬಿಟ್ಟಿನ ದೀಪ ಒಣಗಿ ಬಿರುಕು ಬಿಟ್ಟಿರುತ್ತೆ, ತುಪ್ಪ ಸೋರಿರುತ್ತೆ, ಮಕ್ಕಳು ಮಲಗಿರ್ತಾರೆ. ಹತ್ತು ಗಂಟೆ ಮೇಲೆ ಧ್ವನಿವರ್ಧಕಕ್ಕೂ ಅನುಮತಿ ಇಲ್ಲ. ಒಂದು ವರ್ಷ ಊರ ಮೂಡಲಿಂದ, ಮುಂದಿನ ವರ್ಷ ಕಾಲೋನಿಯಿಂದ ಶುರು ಅಂತ ಬರೆಸಿ. ಎರಡು ದಿನ ಮುಂಚೆ ಬೆಸ್ಕಾಂ ಲೈನ್‌ಮನ್ ಜೊತೆ ದಾರಿ ನಡೆದು ನೋಡಿ. ಕಾಲೋನಿ ಗಲ್ಲಿಯಲ್ಲಿ ತಂತಿ ಜೋತು ಬಿದ್ದಿರೋದೇ "ಅಲ್ಲಿ ತೇರು ಹೋಗಲ್ಲ" ಅನ್ನೋಕೆ ಸಿಗೋ ಮೊದಲ ಕಾರಣ.

ಪಾವಗಡ ಬಿಸಿಲು:
ಗುಡಿಯೊಂದೇ ಅಲ್ಲ, ಊರ ಗಡಿಯೇ ಬಾಗಿಲು ಆಗಿರೋ ಕಡೆಗಳೂ ಇವೆ. 2019ರ ಸೆಪ್ಟೆಂಬರಿನಲ್ಲಿ ನಮ್ಮ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ (ಕಾಡುಗೊಲ್ಲರ ಊರು) ಚಿತ್ರದುರ್ಗದ ಸಂಸದರಾಗಿದ್ದ ಎ. ನಾರಾಯಣಸ್ವಾಮಿ ಅವರನ್ನೇ ಒಳಗೆ ಬಿಡಲಿಲ್ಲ, ದಲಿತರು ಅನ್ನೋ ಕಾರಣಕ್ಕೆ. ಊರಾಚೆ ಕುರ್ಚಿ ಹಾಕಿ ಕೂರಿಸಿದರು. ಸಂಸದರಿಗೇ ಹೀಗಾದರೆ ಬೈಲಾ ಏನು ಮಾಡುತ್ತೆ ಅನ್ನಬಹುದು. ಆ ಹಟ್ಟಿಯ ಹೆಣ್ಣುಮಕ್ಕಳು ಮುಟ್ಟು, ಬಾಣಂತನದಲ್ಲಿ ಊರಾಚೆ ಗುಡಿಸಲಿನಲ್ಲಿ ಇರಬೇಕು ಅನ್ನೋದೂ ಅದೇ ಮೈಲಿಗೆ ಲೆಕ್ಕದ ಇನ್ನೊಂದು ಪುಟ. ಅಂಥ ಕಡೆ ಹೆಂಗಸರ ಜೊತೆ ಮಾತು ಶುರುವಾಗದೆ ಗುಡಿ ಮಾತು ಮುಂದೆ ಹೋಗಲ್ಲ.

ಇನ್ನೊಂದು ಕಾನೂನಿನ ತೊಡಕು, ಗೊತ್ತಿರೋರು ಕಮ್ಮಿ. ತಡೆದವರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರೇ ಆಗಿದ್ದರೆ ದೌರ್ಜನ್ಯ ತಡೆ ಕಾಯ್ದೆ ಹಾಕೋಕೆ ಬರಲ್ಲ. ನಾಯಕರ ಗುಡಿಗೆ ಮಾದಿಗರನ್ನ ಬಿಡದಿದ್ದರೆ, ಹೊಲೆಯರ ಕೇರಿ ಗುಡಿಗೆ ಮಾದಿಗರನ್ನ ಬಿಡದಿದ್ದರೆ, ಹಾಕಬೇಕಾದ್ದು 1955ರ ಕಾಯ್ದೆ. ಠಾಣೆಯಲ್ಲಿ ಒಮ್ಮೊಮ್ಮೆ "ಕಾಯ್ದೆ ಅನ್ವಯ ಆಗಲ್ಲ ಹೋಗಿ" ಅಂತ ಕಳಿಸಿಬಿಡ್ತಾರೆ. ಒಂದು ಅನ್ವಯ ಆಗಲ್ಲ ಅಷ್ಟೇ, ಇನ್ನೊಂದು ಇದೆ.

ಅರಳೀಕಟ್ಟೆ:
ತುಂಬಾ ಉಪಕಾರ ಎಲ್ಲರಿಗೂ. ಹಾಗಾದ್ರೆ ದೂರು ಕೊಡೋ ಪ್ರಸಂಗ ಬಂದರೆ ಹೇಗೆ? ಮತ್ತೆ ಪೂಜೆಗೆ ಈಗಿರೋ ಪೂಜಾರಿ ಮನೆತನವೇ ಮುಂದುವರಿಯಬೇಕು ಅಂತಿದ್ದಾರೆ. ಅವರು ಕುರುಬರು. ಕಾಲೋನಿಯವರೂ ಪೂಜೆ ಮಾಡಬಹುದಾ ಅಂತ ಹುಡುಗರು ಕೇಳ್ತಿದ್ದಾರೆ.

ಕರಿಕೋಟು:
ಎರಡನೇದು ಮೊದಲು. 2002ರಲ್ಲಿ ಕೇರಳದ ಆದಿತ್ಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಪೂಜಾವಿಧಿ ಕಲಿತು ಅರ್ಹನಾದವನನ್ನ ಜಾತಿ ಕಾರಣಕ್ಕೆ ಬೇಡ ಅನ್ನೋಕೆ ಬರಲ್ಲ ಅಂತ. ನಮ್ಮ ಗ್ರಾಮದೇವತೆಗಳಿಗೆ ಬ್ರಾಹ್ಮಣರಲ್ಲದ ಪೂಜಾರಿಗಳು ಹೊಸದೇನಲ್ಲ, ಮಾರಮ್ಮನ ಹಬ್ಬದಲ್ಲಿ ಅಸಾದಿ (ದೇವಿಯ ಹಾಡು ಹೇಳೋ ದಲಿತ ಗಾಯಕ) ಇಲ್ಲದೆ ಶಾಸ್ತ್ರವೇ ನಡೆಯಲ್ಲ. ಬೈಲಾದಲ್ಲಿ "ಪೂಜಾರಿ ನೇಮಕ ಸಮಿತಿಯದು, ಅರ್ಹತೆ ಪೂಜಾವಿಧಿಯ ತಿಳಿವಳಿಕೆ" ಅಂತ ಇರಲಿ, ಮನೆತನದ ಹೆಸರು ಬೇಡ. ಈಗಿರೋರನ್ನ ತೆಗೆಯೋ ಅಗತ್ಯ ಇಲ್ಲ.

ದೂರು. ತಡೆದ ದಿನವೇ ಬರೆದು ಕೊಡಿ: ದಿನಾಂಕ, ಹೊತ್ತು, ಯಾವ ಜಾಗದಲ್ಲಿ, ಯಾರು ಯಾವ ಮಾತಿನಲ್ಲಿ ತಡೆದರು, ಯಾರ್ಯಾರು ನೋಡಿದರು. ದೌರ್ಜನ್ಯ ತಡೆ ಕಾಯ್ದೆಗೆ ಆದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. 3(1)(ಝಡ್‌ಎ) ಕಲಮಿನಲ್ಲಿ ಪೂಜಾಸ್ಥಳ ಪ್ರವೇಶ, ಮೆರವಣಿಗೆ, ಜಾತ್ರೆ ಅಂತ ಹೆಸರು ಹೇಳಿಯೇ ಬರೆದಿದೆ, ಶಿಕ್ಷೆ ಆರು ತಿಂಗಳಿಂದ ಐದು ವರ್ಷ. 1955ರ ಕಾಯ್ದೆಯಲ್ಲಿ ಒಂದರಿಂದ ಆರು ತಿಂಗಳು, 100ರಿಂದ 500 ರೂಪಾಯಿ ದಂಡ, ಅಷ್ಟೇ. ಆದರೆ ಅದರ 12ನೇ ಕಲಂ ಪ್ರಕಾರ, ಪರಿಶಿಷ್ಟ ಜಾತಿಯವರ ಮೇಲೆ ನಡೆದ ಕೃತ್ಯವಾದರೆ ಅಸ್ಪೃಶ್ಯತೆಯ ಕಾರಣಕ್ಕೇ ಅಂತ ಕೋರ್ಟು ಊಹಿಸಿಕೊಳ್ಳಬೇಕು, ಅಲ್ಲ ಅಂತ ಆರೋಪಿ ತೋರಿಸಬೇಕು.

ದೌರ್ಜನ್ಯ ಪ್ರಕರಣದಲ್ಲಿ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ತನಿಖೆ ಡಿವೈಎಸ್‌ಪಿ ದರ್ಜೆಯವರದು, 60 ದಿನದಲ್ಲಿ ಮುಗಿಯಬೇಕು. ಠಾಣೆಯಲ್ಲಿ ತಗೊಳ್ಳದಿದ್ದರೆ ಅದೇ ದೂರನ್ನ ಎಸ್‌ಪಿ ಅವರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಒಂದು ಪ್ರತಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ, ಒಂದು ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಗೆ. ಸಹಾಯವಾಣಿ 14566.

ಕೇಸು ಬೀಳೋದು ಸಾಕ್ಷಿಯಲ್ಲಿ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನ ಸುಟ್ಟುಹಾಕಿದ ಪ್ರಕರಣದಲ್ಲೇ ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಷ್ಟು ದೊಡ್ಡದೇ ಉಳಿಯಲಿಲ್ಲ. ಕಾಲೋನಿಯವರಲ್ಲದ ಒಬ್ಬರಾದರೂ ಸಾಕ್ಷಿ ಇರಲಿ.

ತಮಟೆ ಸದ್ದು:
ಕೇಸಾದ ಮೇಲೆ ಬರೋದು ಬಹಿಷ್ಕಾರ. ಟಾಂ ಟಾಂ ಹೊಡೆದು ಹೇಳಲ್ಲ ಈಗ. ಡೇರಿಯಾಗೆ ಹಾಲು ತಗೊಳ್ಳೋಕೆ "ಫ್ಯಾಟ್ ಇಲ್ಲ" ಅಂತಾರೆ, ಟೊಮೆಟೊ ಕೀಳೋಕೆ ಪಕ್ಕದೂರಿಂದ ಆಳು ತರಿಸ್ತಾರೆ, ಬೋರ್‌ವೆಲ್ ನೀರು ನಿಲ್ಲಿಸ್ತಾರೆ, ಅಂಗಡಿಯಾಗೆ ಸಾಲ ಇಲ್ಲ. ಅದೂ ದೌರ್ಜನ್ಯ ತಡೆ ಕಾಯ್ದೆಯಾಗೆ ಅಪರಾಧವೇ, ಆದ್ರೆ ತೋರಿಸೋದು ಕಷ್ಟ. ಡೇರಿ ಪಾಸ್‌ಬುಕ್ಕಿನಾಗೆ ಹಿಂದಿನ ಆರು ತಿಂಗಳ ಫ್ಯಾಟ್, ಈ ವಾರದ ಫ್ಯಾಟ್ ಎರಡೂ ಇರ್ತದೆ, ಅದರ ಜೆರಾಕ್ಸ್ ಮಾಡಿಸಿ ಮಡಗಿಕೊಳ್ಳಿ. ಕೂಲಿಗೆ ಕರೆಯೋದು ಯಾವ ದಿನದಿಂದ ನಿಂತಿತು ಅಂತ ಬರೆದಿಟ್ಕೊಳ್ಳಿ.

ನೀಲಿ ಶಾಯಿ:
ಇಷ್ಟು ಹೆಣಗಿ ಗುಡಿಯೊಳಗೆ ಹೋಗಿ ಏನು ಸಿಗುತ್ತೆ? ಅಂಬೇಡ್ಕರರೇ ನಾಸಿಕದ ಕಾಳಾರಾಮ ಗುಡಿಯ ಮುಂದೆ 1930ರಿಂದ ಸತ್ಯಾಗ್ರಹ ನಡೆಸಿ ಆಮೇಲೆ ಕೈಬಿಟ್ಟರು. 1933ರಲ್ಲಿ ದೇವಾಲಯ ಪ್ರವೇಶ ಮಸೂದೆ ಬಂದಾಗ, ಅಸ್ಪೃಶ್ಯತೆ ಪಾಪ ಅಂತ ಅದು ಹೇಳೋದಿಲ್ಲ ಅಂತ ಬೆಂಬಲಿಸಲಿಲ್ಲ. ಓದು, ಭೂಮಿ, ಕೆಲಸ ಮೊದಲು.

ಬೈಲಾ ಬರೆಯೋರು:
ನಿಮ್ಮ ಮಾತು ತಳ್ಳಿಹಾಕಲ್ಲ. ಗುಡಿ ಬೇಡ ಅನ್ನೋದು ಕಾಲೋನಿಯವರ ತೀರ್ಮಾನವಾದರೆ ಅದೂ ಅವರ ಹಕ್ಕೇ. ಆದರೆ ಈ ಊರಲ್ಲಿ ಗುಡಿ ಕಮಿಟಿ ಅಂದರೆ ಗುಡಿ ಮಾತ್ರ ಅಲ್ಲ. ಅದರ ಬ್ಯಾಂಕ್ ಖಾತೆ, ಅಂಗಡಿ ಮಳಿಗೆ ಬಾಡಿಗೆ, ಸಮುದಾಯ ಭವನದ ಬೀಗದ ಕೈ ಎಲ್ಲ ಅಲ್ಲೇ. ನಾರಾಯಣ ಗುರುಗಳು 1888ರಲ್ಲಿ ಅರುವಿಪ್ಪುರಂನಲ್ಲಿ, 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಪ್ರತಿಷ್ಠೆ ಮಾಡಿದಾಗ ಗುಡಿಯ ಜೊತೆಗೆ ಸಂಘಟನೆ, ಶಾಲೆ ಎಲ್ಲಾ ಬೆಳೆದವು. ಎರಡನ್ನೂ ಎದುರುಬದುರು ನಿಲ್ಲಿಸಬೇಕಿಲ್ಲ.

ಸಭೆಯ ಮಾತು ಬಂತು, ಅದನ್ನೂ ಹೇಳಿಬಿಡ್ತೀನಿ. ಕಾಲೋನಿಯಿಂದ ಸಮಿತಿಗೆ ಒಬ್ಬರನ್ನೇ ಹಾಕಬೇಡಿ, 45 ಮನೆ ಅಂದರೆ ಕಾಲು ಭಾಗ, 9ರಲ್ಲಿ ಎರಡು ಸ್ಥಾನ ನ್ಯಾಯ. ಒಬ್ಬರೇ ಇದ್ದರೆ ನಡಾವಳಿ ಪುಸ್ತಕ ಮನೆಗೆ ಕಳಿಸಿ ಸಹಿ ಹಾಕಿಸಿಕೊಳ್ಳೋದು ಶುರುವಾಗುತ್ತೆ. ಸಭೆ ಗುಡಿ ಅಂಗಳದಲ್ಲೇ ನಡೆಯಬೇಕು ಅಂತ ಬರೆಸಿ. ಅಧ್ಯಕ್ಷರ ಮನೆ ಜಗಲಿಯಲ್ಲಿ ಅಂದರೆ ಕೆಲವರು ಬೀದಿಯಲ್ಲಿ ನಿಂತೇ ಸಭೆ ಕೇಳಬೇಕಾಗುತ್ತೆ. ಖಾತೆಗೆ ಮೂವರ ಹೆಸರು, ಅದರಲ್ಲಿ ಒಬ್ಬರು ಕಾಲೋನಿಯವರು.

ಬಾಣಲೆ ತೊಳೆಯೋರು:
ಅನ್ನದಾನದ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ, ಅಲ್ಲೇ ಅಲ್ವಾ ಪಂಕ್ತಿ ಒಡೆಯೋದು. ಪ್ರತಿಷ್ಠೆ ದಿನಕ್ಕೆ 500 ಜನ ಅಂದ್ಕೊಂಡರೆ 60 ಕೆ.ಜಿ. ಅಕ್ಕಿ, 13–14 ಕೆ.ಜಿ. ತೊಗರಿಬೇಳೆ, 40 ಕೆ.ಜಿ. ತರಕಾರಿ, ಪಾಯಸಕ್ಕೆ 12 ಕೆ.ಜಿ. ಬೆಲ್ಲ ಸಾಕು. ಲೆಕ್ಕ ಕಮ್ಮಿ ಮಾಡಬೇಡಿ. ಕೊನೆ ಪಂಕ್ತಿಗೆ ಸಾರು ನೀರಾದರೆ ಕೊನೆಗೆ ಕೂತೋರು ಯಾರು ಅಂತ ಎಲ್ಲರೂ ಎಣಿಸ್ತಾರೆ. ತುಮಕೂರು ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಜಾತಿ ಕೇಳದೆ ಸಾಲಾಗಿ ಕೂತು ಉಣ್ಣೋದನ್ನ ನಮ್ಮ ಕಡೆ ಜನ ನೋಡಿದ್ದಾರೆ, ಅದರ ಹೆಸರು ಹೇಳಿದರೆ ಅರ್ಧ ತಕರಾರು ಅಲ್ಲೇ ನಿಲ್ಲುತ್ತೆ.

ಬಂದ ಹಾಗೆ ಕೂರಿಸಿ, ಜಾಗ ಹಿಡಿಯೋಕೆ ಬಿಡಬೇಡಿ. ಕಾಲೋನಿಗೆ ಡಬರಿಯಲ್ಲಿ ಊಟ ಕಳಿಸೋದು ಕೂಡದು, ಅದು ಔದಾರ್ಯ ಅಲ್ಲ, ಹೊರಗಿಡೋದು. ಕುಡಿಯೋ ನೀರಿಗೆ ಡ್ರಮ್ ಮತ್ತು ಲೋಟ ಇಟ್ಟರೆ ಯಾರು ಅದ್ದಿದರು ಅನ್ನೋ ಪಿಸುಮಾತು ಬರುತ್ತೆ, ನಲ್ಲಿ ಹಾಕಿದ ಟ್ಯಾಂಕ್ ಇಡಿ. ಅಡುಗೆಯಲ್ಲಿ ಎಲ್ಲ ಕೇರಿಯ ಹೆಂಗಸರೂ ಇರಲಿ. ಹಿಂದಿನ ರಾತ್ರಿ ತರಕಾರಿ ಹೆಚ್ಚೋದರಿಂದ ಶುರು ಮಾಡಿ, ಬೆಳಿಗ್ಗೆ ಒಲೆ ಮುಂದೆ ಹೊಸದಾಗಿ ಸೇರಿಸೋಕೆ ಹೋದರೆ ಆಗಲ್ಲ. ಯಾರಾದರೂ ಊಟ ಮಾಡದೆ ಎದ್ದು ಹೋದರೆ ಹೋಗಲಿ, ಹಿಂದೆ ಓಡಬೇಡಿ. ಅವರಿಗೆ ಅಂತ ಬೇರೆ ಒಲೆ ಮಾತ್ರ ಹಚ್ಚಬೇಡಿ.

ಹಳೇ ಪಂಚಾಯ್ತಿ:
ಒಪ್ತೀನಿ, ಬರೆಸಿ. ಆದರೆ ಬೈಲಾ ಓದೋ ಸಭೆಗೆ ತಹಶೀಲ್ದಾರ್, ಪೊಲೀಸರನ್ನ ಮೊದಲ ದಿನವೇ ಕರೆಯಬೇಡಿ. ಜೀಪು ಬಂದಾಗ ತಲೆ ಆಡಿಸಿದೋರು ಜೀಪು ಹೋದ ಮೇಲೆ ಗುಡಿಗೆ ಬೀಗ ಹಾಕ್ತಾರೆ, "ಪುಣ್ಯಾಹ ಆಗಬೇಕು" ಅಂತ ತಿಂಗಳಗಟ್ಟಲೆ ತೆಗೆಯಲ್ಲ. ಮೊದಲು ನಾಲ್ಕೈದು ಮನೆಯ ಯಜಮಾನರನ್ನ ಬೇರೆ ಬೇರೆ ಕೂರಿಸಿ ಓದಿ ಹೇಳಿ.

ಅಡ್ಡೆಪಲ್ಲಕ್ಕಿ:
ಬೀಗದ ಮಾತು ಎತ್ತಿದ್ದು ಒಳ್ಳೇದಾಯಿತು. ಎರಡು ಬೀಗ ಹಾಕಬೇಡಿ, ಯಾರೊಬ್ಬರು ತಡವಾದರೂ ಪೂಜೆ ನಿಲ್ಲುತ್ತೆ. ಒಂದೇ ಬೀಗ, ಮೂರು ಕೈ: ಪೂಜಾರಿ ಹತ್ತಿರ ಒಂದು, ಕಾರ್ಯದರ್ಶಿ ಹತ್ತಿರ ಒಂದು, ಕಾಲೋನಿಯ ಸದಸ್ಯರ ಹತ್ತಿರ ಒಂದು. ಬಾಗಿಲು ತೆಗೆಯೋ, ಮುಚ್ಚೋ ಹೊತ್ತು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ. ಆ ಹೊತ್ತಿನಲ್ಲಿ ಬೀಗ ಬಿದ್ದಿದ್ದರೆ ಯಾರು ಹಾಕಿದರು ಅಂತ ಕೇಳೋಕೆ ಅದೊಂದೇ ದಾಖಲೆ.

ಅರಳೀಕಟ್ಟೆ:
ಮೂರನೇ ಕೈ ಯಾರಿಗೆ ಅನ್ನೋದು ಬರೋ ಭಾನುವಾರದ ಸಭೆಗೆ ಇಟ್ಟಿದ್ದೀವಿ, ಗುಡಿ ಅಂಗಳದಲ್ಲೇ. ಪಹಣಿಗೆ ನಾಳೆ ನಾಡಕಚೇರಿಗೆ ಹೋಗ್ತಿದ್ದಾರೆ.